ಹಾಡುವವನು, ಕಾಲು ತೊಳೆಯುವವಳು

ಬ್ಯಾಂಕಿನ ಲೆಡ್ಜರುಗಳ ನಡುವೆ ಮೂವತ್ತೇಳು ವರ್ಷ ಕಳೆದವನಿಗೆ ಸಿನಿಮಾ ಬಗ್ಗೆ ಬರೆಯುವ ಅಧಿಕಾರ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗದಗಿನಲ್ಲಿ ಬೆಳೆಯುವಾಗ ನೋಡಿದ್ದು ರಾಜಕುಮಾರ್ ಸಿನಿಮಾಗಳು. 1997ರಲ್ಲಿ ಟ್ರಾನ್ಸ್‌ಫರ್ ಆಗಿ ಪುಣೆಗೆ ಬಂದೆ. ಇಲ್ಲಿಯ ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ಅದರ ಹತ್ತಿರವೇ ಫಿಲ್ಮ್ ಆರ್ಕೈವ್ ಇದೆ. ನಮ್ಮ ಗಿರೀಶ ಕಾಸರವಳ್ಳಿ ಕಲಿತದ್ದು ಇಲ್ಲೇ. ಬಸ್ಸಿನಲ್ಲಿ ಕೂತು ಆ ಗೇಟುಗಳ ಮುಂದೆ ಸಾವಿರ ಸಲ ಹಾದುಹೋಗಿರಬೇಕು. ಒಳಗೆ ಕಾಲಿಟ್ಟದ್ದು ಮಾತ್ರ ನಿವೃತ್ತಿಯಾದ ಮೇಲೆ.

ಆ ಅಭ್ಯಾಸ ಹತ್ತಿಸಿದವನು ನಮ್ಮ ಸೊಸೈಟಿಯಲ್ಲಿ ಬಾಡಿಗೆಗಿದ್ದ ಸಾಗರದ ಕಡೆಯ ಒಬ್ಬ ಹುಡುಗ. ಸಿನಿಮಾ ಕಲಿಯಲು ಬಂದವನು. ಲಿಫ್ಟಿನಲ್ಲಿ ಕನ್ನಡ ಕೇಳಿಸಿತು, ಪರಿಚಯವಾಯಿತು. ಹಬ್ಬಕ್ಕೆ ಹೋಳಿಗೆ ಉಣ್ಣಲು ಕರೆದರೆ ಬರುತ್ತಿದ್ದ, ಹೋಗುವಾಗ ನನಗೊಂದು ಸಿನಿಮಾ ತೋರಿಸಿ ಹೋಗುತ್ತಿದ್ದ. ಒಂದು ಸಂಜೆ ಲ್ಯಾಪ್‌ಟಾಪ್ ತೆರೆದು, “ಅಂಕಲ್, ಇದು ಇಪ್ಪತ್ತು ನಿಮಿಷವೂ ಇಲ್ಲ. ಆದ್ರೆ ನಡುವೆ ಏಳಬಾರದು” ಎಂದ. ಚಹಾ ಆರುತ್ತದೆ ಅಂದೆ. “ಆರಲಿ ಬಿಡಿ” ಅಂದ.

ಆ ಚಿತ್ರದ ಹೆಸರು ‘ನೈಟ್ ಕ್ರೈಸ್: ಎ ರೂರಲ್ ಟ್ರಾಜೆಡಿ’. ಇರುಳಿನ ಕೂಗುಗಳು, ಒಂದು ಹಳ್ಳಿಗಾಡಿನ ದುರಂತ ಎಂದು ಕನ್ನಡದಲ್ಲಿ ಹೇಳಬಹುದು. 1989ರಲ್ಲಿ ಆಸ್ಟ್ರೇಲಿಯಾದ ಟ್ರೇಸಿ ಮೊಫಾಟ್ ಎಂಬಾಕೆ ಮಾಡಿದ್ದು. 1990ರಲ್ಲಿ ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ ಆಯ್ಕೆಯಾಗಿತ್ತು. ಮೊಫಾಟ್ ಮೂಲನಿವಾಸಿ ಮನೆತನದವರು, 1960ರಲ್ಲಿ ಬ್ರಿಸ್ಬೇನ್‌ನಲ್ಲಿ ಹುಟ್ಟಿ ಬಿಳಿಯರ ಮನೆಯಲ್ಲಿ ಸಾಕುಮಗಳಾಗಿ ಬೆಳೆದವರು. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕಥೆ ಅಂತ ಹೇಳಲು ಹೊರಟರೆ ನಾಲ್ಕು ಸಾಲು. ಮರುಭೂಮಿಯ ನಡುವೆ ಒಂಟಿ ಮನೆ. ಅದರಲ್ಲಿ ಇಬ್ಬರೇ. ಹಾಸಿಗೆ ಹಿಡಿದ ಬಿಳಿಯ ಮುದುಕಿ, ಅವಳನ್ನು ನೋಡಿಕೊಳ್ಳುವ ಕಪ್ಪು ಬಣ್ಣದ ನಡುವಯಸ್ಸಿನ ಹೆಂಗಸು. ಮುದುಕಿ ತಾಯಿ, ಹೆಂಗಸು ಅವಳ ಸಾಕುಮಗಳು. ಮಗಳು ಉಣ್ಣಿಸುತ್ತಾಳೆ, ಗಾಲಿಕುರ್ಚಿಯಲ್ಲಿ ಕೂರಿಸಿ ಮನೆಯಾಚೆಯ ಪಾಯಖಾನೆಗೆ ಕರೆದೊಯ್ಯುತ್ತಾಳೆ, ಕಾಲು ತೊಳೆಯುತ್ತಾಳೆ. ಒಮ್ಮೆ ದನ ಹೊಡೆಯುವ ಚಾವಟಿಯನ್ನು ಗಾಳಿಯಲ್ಲಿ ಛಟೀರೆಂದು ಬೀಸಿ ಮುದುಕಿಯನ್ನು ಬೆದರಿಸಿ ನಗುತ್ತಾಳೆ. ದೂರದ ಊರುಗಳ ಪ್ರವಾಸದ ಕಾಗದಗಳನ್ನು ಮುಂದೆ ಹರಡಿಕೊಳ್ಳುತ್ತಾಳೆ. ಎಲ್ಲಿಗೂ ಹೋಗುವುದಿಲ್ಲ. ಕೊನೆಗೆ ತಾಯಿ ಸಾಯುತ್ತಾಳೆ. ಹೆಣದ ಪಕ್ಕದಲ್ಲಿ ಮಗಳು ಹೊಟ್ಟೆಯೊಳಗಿನ ಕೂಸಿನಂತೆ ಮುದುಡಿ ಮಲಗುತ್ತಾಳೆ, ಎಲ್ಲಿಂದಲೋ ಎಳೆಗೂಸಿನ ಅಳು ಕೇಳುತ್ತದೆ.

ಇಷ್ಟಕ್ಕೆ ಪ್ರಾಯೋಗಿಕ ಚಿತ್ರ ಅನ್ನುವುದು ಯಾಕೆ? ಮೊದಲನೆಯದಾಗಿ, ತಾಯಿ-ಮಗಳ ನಡುವೆ ಒಂದು ಮಾತೂ ಇಲ್ಲ. ಮಾತಿನ ಜಾಗದಲ್ಲಿ ಶಬ್ದಗಳಿವೆ. ಉಸಿರಾಟ, ನರಳಾಟ, ಗಾಳಿ, ಪ್ರಾಣಿಯೋ ಯಂತ್ರವೋ ತಿಳಿಯದ ಕಿರುಚಾಟ. ರೋಗಿಯಿರುವ ಮನೆಯಲ್ಲಿ ರಾತ್ರಿ ಎಚ್ಚರವಿದ್ದವರಿಗೆ ಗೊತ್ತು, ಎರಡು ಗಂಟೆಯ ಮೇಲೆ ಎಲ್ಲ ಸಪ್ಪಳವೂ ಮೈಯೊಳಗಿನಿಂದ ಬಂದಂತೆ ಕೇಳುತ್ತದೆ. ನಾನು ನೋಡಿದ ಇನ್ಯಾವ ಚಿತ್ರವೂ ಅದನ್ನು ಹೀಗೆ ಹಿಡಿದಿಲ್ಲ.

ಎರಡನೆಯದು ಆ ಮರುಭೂಮಿ. ಅದು ನಿಜವಾದ ಮರುಭೂಮಿ ಅಲ್ಲವೇ ಅಲ್ಲ, ಸ್ಟುಡಿಯೋದಲ್ಲಿ ಕಟ್ಟಿದ್ದು. ಹೊಳೆಯುವ ನೆಲ, ಬಣ್ಣ ಬಳಿದ ಪರದೆ, ನಾಟಕ ಕಂಪನಿಯ ಸೀನು ನೋಡಿದಂತೆ. ಆ ಗುಡ್ಡಗಳ ನೇರಳೆ, ಕೆಂಪು ಬಣ್ಣಗಳು ಆಲ್ಬರ್ಟ್ ನಮಾಟ್‌ಜಿರಾ ಎಂಬ ಮೂಲನಿವಾಸಿ ಕಲಾವಿದನ ಜಲವರ್ಣ ಚಿತ್ರಗಳನ್ನು ನೆನಪಿಸುವಂಥವು. ನಮಾಟ್‌ಜಿರಾ 1902ರಲ್ಲಿ ಹುಟ್ಟಿದ್ದು ಹರ್ಮನ್ಸ್‌ಬರ್ಗ್ ಎಂಬ ಲೂಥರನ್ ಕ್ರೈಸ್ತ ಮಿಷನ್ನಿನಲ್ಲಿ. ಅವನ ಚಿತ್ರಗಳನ್ನು ಬಿಳಿಯರು ಮನೆಮನೆಯಲ್ಲಿ ತೂಗುಹಾಕಿದರು. ಆದರೆ ಅವನಿಗೆ ಪೂರ್ಣ ಪೌರನ ಹಕ್ಕು ಸಿಕ್ಕಿದ್ದು 1957ರಲ್ಲಿ. ಮರುವರ್ಷವೇ ತನ್ನವರಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಶಿಕ್ಷೆಯಾಯಿತು, 1959ರಲ್ಲಿ ತೀರಿಕೊಂಡ. ಅವನ ಬಣ್ಣಗಳನ್ನು ಮೊಫಾಟ್ ಪರದೆಯ ಮೇಲೆ ಬಳಿಸಿದಾಗ ನನಗೆ ಅನ್ನಿಸಿದ್ದು ಇಷ್ಟು: ಈ ಮಗಳಿಗೆ ಮನೆ ಅಂದರೆ ಯಾರೋ ಬರೆದು ನಿಲ್ಲಿಸಿದ ಪರದೆ. ಅದರಲ್ಲೇ ಅವಳು ಆಯುಷ್ಯ ಕಳೆಯಬೇಕು.

ಮೂರನೆಯದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1955ರಲ್ಲಿ ಚಾರ್ಲ್ಸ್ ಶೋವೆಲ್ ಎಂಬ ನಿರ್ದೇಶಕ ‘ಜೆಡ್ಡಾ’ ಎಂಬ ಚಿತ್ರ ಮಾಡಿದ. ಆಸ್ಟ್ರೇಲಿಯಾದ ಮೊದಲ ವರ್ಣಚಿತ್ರ ಅದು. ತನ್ನ ಕೂಸನ್ನು ಕಳೆದುಕೊಂಡ ಬಿಳಿಯ ಹೆಂಗಸೊಬ್ಬಳು ತಾಯಿ ಸತ್ತ ಮೂಲನಿವಾಸಿ ಹೆಣ್ಣುಮಗುವನ್ನು ಸಾಕುತ್ತಾಳೆ, ಅವಳ ಜನರಿಂದ ದೂರವಿಟ್ಟು ಬೆಳೆಸುತ್ತಾಳೆ. ಹುಡುಗಿ ದೊಡ್ಡವಳಾದ ಮೇಲೆ ಅವಳ ಜನಾಂಗದವನೇ ಒಬ್ಬ ಹೊತ್ತೊಯ್ಯುತ್ತಾನೆ, ಕೊನೆಗೆ ಇಬ್ಬರೂ ಬಂಡೆಯಿಂದ ಬಿದ್ದು ಸಾಯುತ್ತಾರೆ. ಜೆಡ್ಡಾ ಆಗಿ ನಟಿಸಿದ ರೋಸಲಿ ಕುನೋತ್ ಮುಂದೆ ಹತ್ತು ವರ್ಷದ ಹತ್ತಿರ ಮೆಲ್ಬರ್ನ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯಾಗಿದ್ದು, ಆಮೇಲೆ ಮಠ ಬಿಟ್ಟು ಹೊರಬಂದು ತನ್ನ ಜನರ ಹಕ್ಕುಗಳಿಗೆ ಹೋರಾಡಿದವರು. 2022ರಲ್ಲಿ ತೀರಿಕೊಂಡರು. ಮೊಫಾಟ್ ಕೇಳುವ ಪ್ರಶ್ನೆ: ಆ ಜೆಡ್ಡಾ ಬಂಡೆಯಿಂದ ಬೀಳದೆ ಬದುಕಿದ್ದರೆ ಏನಾಗುತ್ತಿತ್ತು? ಉತ್ತರ, ಅವಳು ಅದೇ ಮನೆಯಲ್ಲಿ ವಯಸ್ಸಾಗಿ, ಸಾಕಿದ ತಾಯಿಯ ಮಲಮೂತ್ರ ತೆಗೆಯುತ್ತ ಇರುತ್ತಿದ್ದಳು. ಮಗಳಾಗಿ ಕಾಣಿಸಿಕೊಂಡ ಮಾರ್ಸಿಯಾ ಲ್ಯಾಂಗ್ಟನ್ ವೃತ್ತಿಯಿಂದ ನಟಿಯಲ್ಲ, ಹೆಸರಾಂತ ಮಾನವಶಾಸ್ತ್ರಜ್ಞೆ. ತಾಯಿಯಾದವರು ಆಗ್ನೆಸ್ ಹಾರ್ಡ್‌ವಿಕ್.

ಇನ್ನು ಧರ್ಮದ ವಿಷಯ. ಚಿತ್ರದ ಜೀವ ಇರುವುದು ಇಲ್ಲಿ. ಈ ಕತ್ತಲೆ ಕಥೆಯ ಜೊತೆಗೆ ಒಬ್ಬ ಗಾಯಕ ಬರುತ್ತಾನೆ. ಸುತ್ತ ಕಪ್ಪು, ನಡುವೆ ಅವನು. ಒಳ್ಳೆ ಸೂಟು, ಕೈಯಲ್ಲಿ ಗಿಟಾರು, ಮುಖದಲ್ಲಿ ಮೃದುವಾದ ನಗು. ನಟನಲ್ಲ, ನಿಜವಾದ ಜಿಮ್ಮಿ ಲಿಟಲ್. 1937ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಮೂಲನಿವಾಸಿ ಗಾಯಕ. 1963ರಲ್ಲಿ ‘ರಾಯಲ್ ಟೆಲಿಫೋನ್’ ಎಂಬ ಕ್ರೈಸ್ತ ಭಕ್ತಿಗೀತೆ ಹಾಡಿ ಇಡೀ ಆಸ್ಟ್ರೇಲಿಯಾಕ್ಕೆ ಬೇಕಾದವನಾದ. ಸ್ವರ್ಗಕ್ಕೊಂದು ಟೆಲಿಫೋನ್ ತಂತಿ ಇದೆ, ನಂಬಿದವರು ಯಾವಾಗ ಬೇಕಾದರೂ ದೇವರ ಜೊತೆ ಮಾತಾಡಬಹುದು ಎಂಬ ಅರ್ಥದ ಹಾಡು ಅದು. ಇತ್ತ ಈ ಮನೆಯಲ್ಲಿ ತಾಯಿಗೂ ಮಗಳಿಗೂ ಒಂದು ಮಾತು ಸಾಗುತ್ತಿಲ್ಲ. ಅತ್ತ ಅವನು ಸ್ವರ್ಗಕ್ಕೆ ಲೈನ್ ಖಾಲಿಯಿದೆ ಎಂದು ನಗುತ್ತ ಹಾಡುತ್ತಿದ್ದಾನೆ.

ಇದನ್ನು ವ್ಯಂಗ್ಯ ಅಂತ ಹೇಳಿ ಮುಗಿಸಬಹುದಿತ್ತು. ಸಾಗರದ ಹುಡುಗನೂ ಹಾಗೆಯೇ ಹೇಳಿದ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ವ್ಯಂಗ್ಯ ಮಾಡುವವರು ಹಾಡನ್ನು ಸ್ವಲ್ಪವಾದರೂ ಕೆಡಿಸುತ್ತಾರೆ. ಮೊಫಾಟ್ ಕೆಡಿಸಿಲ್ಲ. ಆ ದನಿ ನಿಜಕ್ಕೂ ಇಂಪಾಗಿದೆ, ಕೇಳಿದರೆ ಮನಸ್ಸು ಹಗುರಾಗುತ್ತದೆ. ಅದೇ ತೊಂದರೆ. ಹಾಡು ಕೆಟ್ಟದಾಗಿದ್ದರೆ ಬಿಟ್ಟು ಎದ್ದು ಹೋಗಬಹುದು, ಚೆನ್ನಾಗಿರುವುದರಿಂದ ಇಷ್ಟು ವರ್ಷ ಅದು ಆ ಮನೆಗಳಲ್ಲಿ ಉಳಿದಿದೆ.

ಕಾಲು ತೊಳೆಯುವ ದೃಶ್ಯದಲ್ಲಿ ಇನ್ನೊಂದು ಹಾಡು ಬರುತ್ತದೆ. ‘ಆನ್‌ವರ್ಡ್ ಕ್ರಿಶ್ಚಿಯನ್ ಸೋಲ್ಜರ್ಸ್’, ಕ್ರಿಸ್ತನ ಸೈನಿಕರೇ ಮುನ್ನಡೆಯಿರಿ ಎಂಬ ಪ್ರಾರ್ಥನೆ. 1865ರಲ್ಲಿ ಇಂಗ್ಲೆಂಡಿನ ಒಂದು ಊರಿನ ಮಕ್ಕಳ ಮೆರವಣಿಗೆಗೆಂದು ಬರೆದದ್ದು. ಆ ಮನೆಯಲ್ಲಿ ಅದು ಬರಿಯ ಗುನುಗು, ಪದಗಳೂ ಇಲ್ಲ. ಮಾತಿಲ್ಲದ ಇಬ್ಬರಿಗೆ ಸಮಾನವಾಗಿ ಉಳಿದಿರುವುದು ಈ ರಾಗವೊಂದೇ. ಮಗಳಿಗೆ ತಾಯಿ ಕೊಟ್ಟ ಆಸ್ತಿ ಅದು. ಮಗಳಿಗೆ ಸ್ವಂತದ್ದಾಗಿ ಬೇರೆ ಯಾವ ಹಾಡು ಇತ್ತೋ ಅದನ್ನು ಕಿತ್ತುಕೊಂಡು ಕೊಟ್ಟದ್ದೂ ಅದನ್ನೇ. ಕಾಲು ತೊಳೆಯುವುದು ಕ್ರೈಸ್ತರಿಗೆ ಸಣ್ಣ ಸಂಗತಿಯಲ್ಲ. ಯೇಸು ತನ್ನ ಶಿಷ್ಯರ ಪಾದ ತೊಳೆದ, ದೊಡ್ಡವನು ಚಿಕ್ಕವರ ಮುಂದೆ ಬಗ್ಗಿದ. ಇಲ್ಲಿ ಯಾರು ಯಾರ ಮುಂದೆ ಬಗ್ಗಿದ್ದಾರೆ ನೋಡಿ.

ಆಗಲೇ ಮಗಳಿಗೆ ಬಾಲ್ಯದ ಒಂದು ಸಮುದ್ರತೀರ ನೆನಪಾಗುತ್ತದೆ. ಚಿಕ್ಕ ಹುಡುಗಿ, ಜೊತೆಗೆ ಕಾಡಿಸುವ ಹುಡುಗರು. ಅವಳ ಕೊರಳಿಗೆ ಕಡಲಕಳೆ ಸುತ್ತುತ್ತಾರೆ, ಅವಳು ತಾಯಿಯನ್ನು ಹುಡುಕುತ್ತಾಳೆ, ಕಾಣದೆ ಚೀರುತ್ತಾಳೆ. ಆ ಚೀರಾಟದಲ್ಲಿ ಅವಳು ಕರೆಯುವುದು ಯಾವ ತಾಯಿಯನ್ನು? ಸಾಕಿದವಳನ್ನೋ, ಹೆತ್ತವಳನ್ನೋ? ಚಿತ್ರ ಹೇಳುವುದಿಲ್ಲ. ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಹಣವನ್ನು ನಾವು ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಗೆ ಹಾಕಿಡುತ್ತೇವೆ. ಆಡಿಟಿಗೆ ಬಂದವರು ಮೊದಲು ಕೇಳುವುದು ಆ ಖಾತೆಯನ್ನೇ. ಈ ಮಗಳ ಪ್ರೀತಿ, ಸಿಟ್ಟು, ಋಣ ಎಲ್ಲವೂ ಅಂಥ ಒಂದೇ ಖಾತೆಯಲ್ಲಿವೆ, ತಾಯಿ ಸತ್ತ ಮೇಲೂ ಅದು ತಾಳೆಯಾಗುವುದಿಲ್ಲ.

ಹೆತ್ತವಳನ್ನೋ ಎಂಬ ಪ್ರಶ್ನೆ ನಾನು ಕಲ್ಪಿಸಿದ್ದಲ್ಲ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಮಿಷನ್ನುಗಳಿಗೆ, ಅನಾಥಾಶ್ರಮಗಳಿಗೆ, ಬಿಳಿಯರ ಮನೆಗಳಿಗೆ ಕೊಟ್ಟದ್ದು ಕಾನೂನಿನ ಪ್ರಕಾರವೇ ನಡೆದ ಕೆಲಸ. 1997ರಲ್ಲಿ ಅಲ್ಲಿಯ ಸಂಸತ್ತಿನ ಮುಂದೆ ಬಂದ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿಯ ಅಂದಾಜು ಹೀಗಿದೆ: 1910ರಿಂದ 1970ರವರೆಗೆ ಹತ್ತು ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಲ್ಲಿ ಒಂದರವರೆಗೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮೊಫಾಟ್ ಚಿತ್ರ ಬಂದದ್ದು ವರದಿಗಿಂತ ಎಂಟು ವರ್ಷ ಮೊದಲು. ವರದಿಯಲ್ಲಿ ಇರಲಾಗದ ಒಂದು ಸಂಗತಿ ಅದರಲ್ಲಿದೆ. ಕಿತ್ತು ತಂದವರ ಮೇಲೆ ಮಗುವಿಗೆ ಪ್ರೀತಿಯೂ ಹುಟ್ಟುತ್ತದೆ, ಆ ಪ್ರೀತಿ ಸುಳ್ಳಲ್ಲ.

ಶ್ರೀಲಂಕಾದಿಂದ ಹೋಗಿ ಸಿಡ್ನಿಯಲ್ಲಿ ನೆಲೆಸಿದ ಲಲೀನ್ ಜಯಮಾನ್ನೆ ಎಂಬ ವಿಮರ್ಶಕಿ ಈ ಚಿತ್ರವನ್ನು ಶ್ರೀಲಂಕಾದವಳಾಗಿ ಓದಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಆ ಧೈರ್ಯದಿಂದ ನಾನೂ ಗದಗಿನವನಾಗಿ ಒಂದಿಷ್ಟು ಹೇಳುತ್ತೇನೆ.

2008ರಲ್ಲಿ, ಆ ಕ್ಷಮೆಯ ಸುದ್ದಿ ಪೇಪರಿನಲ್ಲಿ ಬಂದ ವರ್ಷವೇ, ನಮ್ಮ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗಡೆ ಪೂರ್ತಿ ಹೋಯಿತು. ಗದಗಿನಲ್ಲಿ ನೋಡುವವರು ಯಾರೂ ಇರಲಿಲ್ಲ, ಪುಣೆಗೆ ಕರೆತಂದೆವು. ಕೊಥ್ರೂಡಿನ ಎರಡು ಕೋಣೆಯ ಫ್ಲಾಟು, ಮೂರನೆಯ ಮಹಡಿ. ವೀರನಾರಾಯಣನ ಗುಡಿಯ ಗಂಟೆ ಕೇಳಿ ಏಳುತ್ತಿದ್ದವಳಿಗೆ ಇಲ್ಲಿ ರಿಕ್ಷಾದ ಸಪ್ಪಳ, ಪಕ್ಕದವರ ಮರಾಠಿ. ಹಗಲು ನೋಡಿಕೊಳ್ಳಲು ಒಬ್ಬ ಮಾವಶಿಯನ್ನು ಗೊತ್ತು ಮಾಡಿದೆ. ಪುಣೆಯಲ್ಲಿ ಆಯಾಗಳನ್ನು ಹಾಗೆಯೇ ಕರೆಯುತ್ತಾರೆ. ಕೈಗುಣ ಚೆನ್ನಾಗಿದ್ದ ಹೆಂಗಸು. ಅವ್ವ ಅವಳಿಂದ ನೀರು ಸಹ ಮುಟ್ಟಲಿಲ್ಲ. “ಯಾವ ಜಾತಿಯೋ ಏನೋ, ನನ್ನ ಮಡಿ ಕೆಡಸಬ್ಯಾಡ್ರಿ” ಎಂದು ಬಾಯಿ ಬಿಗಿಹಿಡಿದು ಮಲಗಿದಳು. ನಾಲ್ಕನೆಯ ದಿನ ಮಾವಶಿಗೆ ತಿಂಗಳ ಪಗಾರ ಕೊಟ್ಟು ಕಳಿಸಿದೆ. ಮುದುಕಿಯ ಧರ್ಮಕ್ಕೆ ಯಾಕೆ ಅಡ್ಡ ಬರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಧರ್ಮದ ಭಾರ ಹೊರುವವರು ಯಾರು ಎಂದು ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕುವುದು ನನ್ನ ವೃತ್ತಿ!

ಮೂರು ವರ್ಷ ನನ್ನ ಹೆಂಡತಿ ಅವ್ವನ ಎಲ್ಲವನ್ನೂ ಮಾಡಿದಳು. ಉಣ್ಣಿಸುವುದು, ಒರೆಸುವುದು, ಬೆಡ್‌ಪ್ಯಾನ್, ರಾತ್ರಿ ಮಗ್ಗುಲು ಬದಲಿಸುವುದು. ನಾನು ಸಂಜೆ ಏಳೂವರೆಗೆ ಬ್ಯಾಂಕಿನಿಂದ ಬಂದು, ಕಾಲು ತೊಳೆದು, ಅವ್ವನ ಮಂಚದ ಪಕ್ಕ ಕೂತು ದಾಸರ ಪದ ಹಾಡುತ್ತಿದ್ದೆ. ನನ್ನ ಕಂಠ ಚೆನ್ನಾಗಿದೆ ಅನ್ನುತ್ತಾರೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು, ಒಮ್ಮೊಮ್ಮೆ ನೆಟ್ಟಗಿದ್ದ ಬಲಗೈಯಿಂದ ತಾಳ ಹಾಕುತ್ತಿದ್ದಳು. ಊರಿನಿಂದ ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡು, “ಮಗ ಅಂದ್ರ ಇಂಥವ ಇರಬೇಕು” ಎಂದು ಹೋದರು. ಆಗ ಅವಳು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಮ್ಮಿಬ್ಬರ ನಡುವೆ ಆ ಮೂರು ವರ್ಷ ಜಗಳ ಆಗಲಿಲ್ಲ. ಮಾತೇ ಕಡಿಮೆಯಾಗಿತ್ತು.

ಮೊದಲ ಸಲ ಚಿತ್ರ ನೋಡುವಾಗ ಸಹಜವಾಗಿ ನಾನು ಆ ಮಗಳ ಜಾಗದಲ್ಲಿ ನನ್ನನ್ನೇ ಕೂರಿಸಿಕೊಂಡಿದ್ದೆ. ಊರು ಬಿಟ್ಟವನು, ತಾಯಿಯನ್ನು ನೋಡಿಕೊಂಡವನು. ಕಣ್ಣಲ್ಲಿ ನೀರೂ ಬಂತು. ಸೂಟು ಹಾಕಿದ ಜಿಮ್ಮಿ ಲಿಟಲ್ ನಗುತ್ತ ಹಾಡುವಾಗ ಮೈ ಝುಮ್ಮೆಂದಿತು. ಆ ಚಿತ್ರದಲ್ಲಿ ನಾನಿದ್ದರೆ ಅಲ್ಲಿ, ಆ ಗಿಟಾರಿನ ಹಿಂದೆ. ಕಾಲು ತೊಳೆಯುವ ಜಾಗದಲ್ಲಿ ನಾನು ಒಂದು ದಿನವೂ ಇರಲಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಪರಊರಿನ ದುಃಖ ಎಂದ ಕೂಡಲೇ ನಾವು ಎಲ್ಲರ ದುಃಖವನ್ನೂ ನಮ್ಮದೇ ಅಂದುಕೊಳ್ಳುತ್ತೇವೆ. ಪುಣೆ, ಮುಂಬಯಿ, ದಿಲ್ಲಿಗಳ ಕನ್ನಡ ಸಂಘಗಳ ಭಾಷಣಗಳಲ್ಲಿ ವನವಾಸ, ಅಜ್ಞಾತವಾಸ ಎಂಬ ಮಾತುಗಳನ್ನು ನಾನೂ ಬಳಸಿದ್ದೇನೆ. ಆದರೆ ನಾನು ಬಂದದ್ದು ಪ್ರಮೋಷನ್ನಿನ ಆರ್ಡರ್ ಕೈಯಲ್ಲಿ ಹಿಡಿದು, ಟಿ.ಎ. ಬಿಲ್ಲು ಬರೆದು. ನನ್ನ ಭಾಷೆ ನನ್ನ ಬಾಯಲ್ಲೇ ಇತ್ತು, ನನ್ನ ದೇವರು ಟ್ರಂಕಿನಲ್ಲಿ ಬಂದ. ಆ ಮಗಳಿಗೆ ಇವೆರಡೂ ಉಳಿಯಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಚಿತ್ರದಲ್ಲಿ ದೋಷಗಳಿಲ್ಲವೇ ಅಂದರೆ ಇವೆ. ಆರಂಭದಲ್ಲಿ ‘ಪಿಕ್ನಿಕ್’ ಎಂಬ ಹಾಲಿವುಡ್ ಚಿತ್ರದ ಒಂದು ಮಾತನ್ನು ಬರೆದು ತೋರಿಸುತ್ತಾರೆ, ಅದು ಇಲ್ಲದಿದ್ದರೂ ನಡೆಯುತ್ತಿತ್ತು. ‘ಜೆಡ್ಡಾ’ ಗೊತ್ತಿಲ್ಲದವರಿಗೆ ಅರ್ಧ ಚಿತ್ರ ಕೈತಪ್ಪುತ್ತದೆ, ನನಗೂ ಹುಡುಗ ಹೇಳಿದ ಮೇಲೆಯೇ ತಿಳಿದದ್ದು. ಇದಕ್ಕಿಂತ ದೊಡ್ಡ ಕೊರತೆಯನ್ನು ಹಿಡಿದವಳು ನನ್ನ ಹೆಂಡತಿ.

ಹುಡುಗ ಕೋರ್ಸ್ ಮುಗಿಸಿ ಹೋಗುವ ಮೊದಲು ಚಿತ್ರವನ್ನು ಇನ್ನೊಮ್ಮೆ ಹಾಕಿಸಿ ಅವಳನ್ನೂ ಕೂರಿಸಿದೆ. ಅವಳು ಬೈದರೂ ಬೈಯಲಿ ಎಂದು ಸಿದ್ಧನಾಗಿಯೇ ಕೂತಿದ್ದೆ. ಕಾಲು ತೊಳೆಯುವ ದೃಶ್ಯ ಬಂದಾಗ, “ನೀರು ಬಿಸಿ ಅದನೋ ಇಲ್ಲೋ ಮೊದಲ ಕೈಯಿಂದ ನೋಡಬೇಕು” ಎಂದಳು, ಯಾರಿಗೋ ಕೆಲಸ ಹೇಳಿಕೊಡುವಂತೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಾ ಆ ಹುಡುಗಿ ಮನಸ್ಸಿನಾಗ ಇದ್ದದ್ದ ತೋರಿಸ್ಯಾರ. ಆ ಮುದುಕಿ ಮನಸ್ಸಿನಾಗ ಏನಿತ್ತು ಅಂತ ಯಾರೂ ಕೇಳಲಿಲ್ಲಲ್ರೀ” ಅಂದಳು.

ಹೌದು. ಸಮುದ್ರತೀರ ಮಗಳ ನೆನಪು, ಚಾವಟಿಯ ನಗು ಮಗಳದು, ಕೊನೆಯ ಅಳುವೂ ಮಗಳದೇ. ತಾಯಿ ಒಂದು ಮೈ ಮಾತ್ರ, ಉಣ್ಣುವ, ನರಳುವ ಮೈ. ಯಾವ ಪಾಪಭಯದಿಂದ, ಯಾವ ಪುಣ್ಯದ ಆಸೆಯಿಂದ ಆ ಮಗುವನ್ನು ತಂದುಕೊಂಡಳು, ಮುದಿವಯಸ್ಸಿನಲ್ಲಿ ಅವಳ ಕೈಯಿಂದಲೇ ಉಣ್ಣುವಾಗ ಏನನ್ನಿಸಿತು? ಮೊಫಾಟ್ ಅದನ್ನು ಬೇಕೆಂದೇ ಬಿಟ್ಟಿರಬಹುದು. ಇಷ್ಟು ವರ್ಷ ಬಿಳಿಯರೇ ಕಥೆ ಹೇಳಿದ್ದಾರೆ, ಇಪ್ಪತ್ತು ನಿಮಿಷ ಅವರು ಸುಮ್ಮನಿರಲಿ ಎಂದಿರಬಹುದು. ಅದು ನ್ಯಾಯವೇ. ಆದರೂ ಚಿತ್ರ ಮುಗಿದ ಮೇಲೆ ಆ ಮುದುಕಿಯ ಮೌನ ನನ್ನನ್ನು ಬಿಡಲಿಲ್ಲ.

ಹೆಂಡತಿ ಹೇಳಿದ್ದು ಆ ಚಿತ್ರದ ಮುದುಕಿಯ ಬಗ್ಗೆ ಮಾತ್ರವೋ ಅಂತ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವ್ವ ಪುಣೆಯಲ್ಲಿದ್ದ ಮೂರು ವರ್ಷವೂ ದಿನಕ್ಕೊಮ್ಮೆ ಕೇಳುತ್ತಿದ್ದಳು, “ಗದಗಕ್ಕ ಯಾವಾಗ ಹೋಗೋದಪಾ?” ನಾನು, “ಸ್ವಲ್ಪ ಆರಾಮಾಗು ಅವ್ವಾ, ಹೋಗೋಣು” ಎಂದು ಹೇಳಿ ಮುಂದಿನ ಪದ ಎತ್ತಿಕೊಳ್ಳುತ್ತಿದ್ದೆ. ಅವಳ ಮಡಿ, ಅವಳ ಹಠ ಎಂದು ಬೇಸರಪಟ್ಟವನಿಗೆ ಈಗ ಅನ್ನಿಸುತ್ತದೆ, ಊರು, ಗುಡಿ, ಮಾತಾಡುವ ಜನ ಎಲ್ಲ ಹೋದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಆ ಮಡಿ ಒಂದೇ ಇರಬೇಕು. ನಮ್ಮ ಮನೆಯಲ್ಲಿ ಪರಊರಿಗೆ ಬಂದವರು ನಾವು, ತರಲ್ಪಟ್ಟವಳು ಅವಳು. 2011ರಲ್ಲಿ ಇಲ್ಲೇ ತೀರಿಕೊಂಡಳು. ಗದಗಿಗೆ ಒಯ್ಯಲಾಗಲಿಲ್ಲ.

ಹುಡುಗ ಹೋಗುವಾಗ ಆ ಚಿತ್ರವನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದಾನೆ. ದೇವರ ಮಾಡದ ಕೆಳಗಿನ ಡ್ರಾದಲ್ಲಿ, ಹಾಡಿನ ಪುಸ್ತಕದ ಜೊತೆಗೆ ಇಟ್ಟಿದ್ದೇನೆ. ಸಂಜೆ ಈಗಲೂ ಹಾಡುತ್ತೇನೆ. ಮೊನ್ನೆ ಹಾಡುತ್ತಿರುವಾಗ ಒಳಗಿನಿಂದ ಪಾತ್ರೆ ತೊಳೆಯುವ ಸಪ್ಪಳ ಕೇಳಿಸಿತು. ಪದವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದೆ. ಅವಳು ತಿರುಗಿ ನೋಡಿ, “ಯಾಕ್ರೀ, ಮರೆತುಹೋತೇನು?” ಎಂದು ಕೇಳಿದಳು.